43 ಇಂಚಿನ ಟೀವಿ: ಪಾಸ್ (Pause) ಒತ್ತಿ ಒತ್ತಿ ನೋಡುವವರಿಗೊಂದು ರಿವ್ಯೂ

ಬಣ್ಣ ಹೇಗಿದೆ, ಸೌಂಡ್ ಎಷ್ಟಿದೆ ಅನ್ನುವ ರಿವ್ಯೂ ಬೇಕಾದರೆ ಎಲ್ಲಾ ಕಡೆ ಸಿಗುತ್ತವೆ. ನನ್ನ ಚಟ ಬೇರೆ. ಒಂದು ಸೀರಿಯಲ್ಲಿನೊಳಗೆ ಇನ್ನೊಂದು ಸೀರಿಯಲ್ಲಿನ ಸುಳಿವು ಬಚ್ಚಿಟ್ಟಿರುತ್ತಾರಲ್ಲ, ಹಿಂದಿನ ಗೋಡೆಯ ಪೋಸ್ಟರ್, ಮೇಜಿನ ಮೇಲಿನ ಸಿಗರೇಟು ಪ್ಯಾಕು, ಸುಮ್ನೆ ಬಂದು ಹೋಗುವ ಒಬ್ಬ ಪೊಲೀಸ್, ಅದನ್ನೆಲ್ಲ ಹುಡುಕುವುದು. ಬಳ್ಳಾರಿಯ ಬೆಂಗಳೂರು ರಸ್ತೆಯ ಅಂಗಡಿಯೊಂದರಿಂದ ತಂದ ಈ ಫೋರ್‌ಕೆ ಟೀವಿಯನ್ನು ಆ ಒಂದೇ ಲೆಕ್ಕದಲ್ಲಿ ನೋಡಿದ್ದೇನೆ. ಕಂಪನಿ ಹೆಸರು ಬೇಡ ಬಿಡಿ.

ಅಂಗಡಿಯಲ್ಲಿ ಎಲ್ಲ ಟೀವಿಯಲ್ಲೂ ಅದೇ ಗಿಳಿ, ಅದೇ ಸಮುದ್ರ ಓಡುತ್ತಿತ್ತು. ಅದರಿಂದ ಏನೂ ಗೊತ್ತಾಗುವುದಿಲ್ಲ. "ತಮ್ಮಾ, ಯಾವುದಾದರೂ ಹಳೇ ಸೀರಿಯಲ್ ಹಾಕಿ ಪಾಸ್ ಮಾಡಪ್ಪ" ಅಂದೆ. "ಯಾಕಣ್ಣ, ಇದ್ರಾಗ ಕ್ಲಾರಿಟಿ ಚೆನ್ನಾಗೇ ಐತಲ್ಲ" ಅಂದ. ಆದರೂ ಹಾಕಿದ. ನೀವೂ ಹಾಗೇ ಹಾಕಿಸಿ ನೋಡಿ, ನಾಚಿಕೆ ಬೇಡ.

ಪಾಸ್ ಮಾಡಿದಾಗ ಚಿತ್ರ ಗಟ್ಟಿಯಾಗಿ ನಿಲ್ಲುತ್ತದೆ, ಅಕ್ಷರ ಓದಲು ಬರುತ್ತದೆ. ಈ ಟೀವಿಯ ದೊಡ್ಡ ಗುಣ ಇದೇ. ದಿ ಬಿಗ್ ಬ್ಯಾಂಗ್ ಥಿಯರಿ ಅನ್ನುವ ಇಂಗ್ಲಿಷ್ ಹಾಸ್ಯ ಸೀರಿಯಲ್ಲಿನ ಪ್ರತಿ ಎಪಿಸೋಡಿನ ಕೊನೆಗೆ ಅದರ ನಿರ್ಮಾಪಕ ಚಕ್ ಲೋರಿ ಒಂದು ಕಾರ್ಡ್ ತುಂಬಾ ಏನೇನೋ ಬರೆದು ಹಾಕುತ್ತಾರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಮಾಯ. 1997ರ ಧರ್ಮ ಆಂಡ್ ಗ್ರೆಗ್ ಸೀರಿಯಲ್ಲಿನ ಕಾಲದಿಂದಲೂ ಅವರದು ಇದೇ ಆಟ. ನನ್ನ ಹಳೇ ಟೀವಿಯಲ್ಲಿ ಅದು ಬರೀ ಬೂದು ಗೀರು. ಇದರಲ್ಲಿ ಸೋಫಾ ಮೇಲಿಂದಲೇ ಓದಬಹುದು. ಆದರೆ ಮುಂದಿನ ಎಪಿಸೋಡ್ ತಾನಾಗಿ ಶುರುವಾಗುವ ಆಯ್ಕೆಯನ್ನು ಮೊದಲು ಆಫ್ ಮಾಡಿಕೊಳ್ಳಿ, ಇಲ್ಲದಿದ್ದರೆ ಕೊನೆಗೆ ಓಡುವ ಹೆಸರುಗಳು ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟಾಗಿ ಕೂತುಬಿಡುತ್ತವೆ. ಪಾಸ್ ಒತ್ತಿದ ಕೂಡಲೇ ಪರದೆ ಕಪ್ಪಾಗಿ ಮೇಲೆ ಶೋ ಹೆಸರು ಬಂದು ಕೂರುವುದೂ ಒಂದು ರಗಳೆ. ಕೆಲವು ಆ್ಯಪ್‌ಗಳಲ್ಲಿ ಬ್ಯಾಕ್ ಬಟನ್ ಒಮ್ಮೆ ಒತ್ತಿದರೆ ಹೋಗುತ್ತದೆ, ಕೆಲವುದರಲ್ಲಿ ಏನು ಮಾಡಿದರೂ ಇಲ್ಲ.

ಇನ್ನು ಚಿತ್ರದ ಆಕಾರ. ಇಂಚು ಇಂಚು ಅಂತ ಬಡಿದಾಡುವವರು ಇದನ್ನು ಕೇಳುವುದೇ ಇಲ್ಲ ನೋಡಿ. 90ರ ದಶಕದ ಹೆಚ್ಚಿನ ಶೋಗಳು 4:3 ಚೌಕಟ್ಟಿನವು, ಅಂದರೆ ಅಗಲ 4 ಪಾಲಾದರೆ ಎತ್ತರ 3, ಈಗಿನ ಟೀವಿ ಅದಕ್ಕಿಂತ ಅಗಲ. ಈ 43 ಇಂಚಿನಲ್ಲಿ ಅವು ಎರಡೂ ಪಕ್ಕ ಕಪ್ಪು ಪಟ್ಟಿ ಬಿಟ್ಟು ಸುಮಾರು 35 ಇಂಚಿನಷ್ಟೇ ಕಾಣುತ್ತವೆ. ದುಡ್ಡು ಕೊಟ್ಟು ಕಪ್ಪು ಪಟ್ಟಿ ನೋಡೋದಾ ಅಂತ ಝೂಮ್ ಮಾಡಿದಿರೋ, ಮೇಲೆ ಕೆಳಗೆ ಸೇರಿ ಕಾಲು ಭಾಗ ಚಿತ್ರ ಹೋಯಿತು. ತಮಾಷೆ ಇರುವುದೇ ಅಂಚಿನಲ್ಲಿ. 2019ರಲ್ಲಿ ಡಿಸ್ನಿ ಪ್ಲಸ್ ಆ್ಯಪ್ ದಿ ಸಿಂಪ್ಸನ್ಸ್ ಕಾರ್ಟೂನನ್ನು ಹೀಗೇ ಕತ್ತರಿಸಿ ಹಾಕಿತ್ತು. ಡಫ್ ಬಿಯರ್ ಕಾರ್ಖಾನೆಯ ದೃಶ್ಯದಲ್ಲಿ ಮೂರು ಬೇರೆ ಬೇರೆ ಹೆಸರಿನ ಪೀಪಾಯಿಗೆ ಮೇಲಿಂದ ಒಂದೇ ಪೈಪು ಬರುತ್ತದೆ, ಜೋಕು ಇರುವುದೇ ಆ ಪೈಪಿನಲ್ಲಿ, ಪೈಪೇ ಕಟ್! ಜನ ಗಲಾಟೆ ಮಾಡಿದ ಮೇಲೆ 2020ರಲ್ಲಿ 4:3 ಆಯ್ಕೆ ಕೊಟ್ಟರು. 2021ರಲ್ಲಿ ಸೈನ್‌ಫೆಲ್ಡ್ ನೆಟ್‌ಫ್ಲಿಕ್ಸಿಗೆ ಬಂದಾಗ ರಸ್ತೆ ಗುಂಡಿಯ ಎಪಿಸೋಡಿನಲ್ಲಿ ಗುಂಡಿಯೇ ಚೌಕಟ್ಟಿನ ಹೊರಗೆ. ಆ್ಯಪ್ ಕಳಿಸುವುದೇ ಕತ್ತರಿಸಿದ ಚಿತ್ರವಾದರೆ ಯಾವ ಟೀವಿಯೂ ಏನೂ ಮಾಡಲಾಗದು. ಆದರೆ ಸೆಟ್‌ಟಾಪ್ ಬಾಕ್ಸಿನಿಂದ ಬರುವುದನ್ನು ಟೀವಿಯೇ ಅಂಚು ಕತ್ತರಿಸಿ ತೋರಿಸುತ್ತಿದ್ದರೆ ಅದನ್ನು ನಿಲ್ಲಿಸಬಹುದು. ನನ್ನದರಲ್ಲಿ ಪಿಕ್ಚರ್ ಸೆಟ್ಟಿಂಗಿನ ನಾಲ್ಕನೇ ಪುಟದಲ್ಲಿ 'ಸ್ಕ್ರೀನ್ ಫಿಟ್' ಅಂತ ಅಡಗಿತ್ತು. ಅಲ್ಲೇ ಮೋಷನ್ ಸ್ಮೂತಿಂಗ್ (ಚಲನೆಯನ್ನು ಕೃತಕವಾಗಿ ನುಣುಪಾಗಿಸುವ ಆಯ್ಕೆ) ಅನ್ನೂ ಆಫ್ ಮಾಡಿ, ಎಲ್ಲ ಶೋಗಳೂ ಮದುವೆ ವಿಡಿಯೋ ಥರ ಕಾಣುವುದು ತಪ್ಪುತ್ತದೆ.

ಚಿತ್ರ ಚೆನ್ನಾಗಿದ್ದರೆ ಇನ್ನೊಂದು ಅಪಾಯ ಇದೆ, ಕಂಡಿದ್ದೆಲ್ಲ ಒಳಜೋಕು ಅನ್ನಿಸಲು ಶುರುವಾಗುತ್ತದೆ. ದಿ ಎಕ್ಸ್-ಫೈಲ್ಸ್‌ನ ಸಿಗರೇಟು ಸೇದುವ ಮನುಷ್ಯನ ಮಾರ್ಲಿ ಪ್ಯಾಕು ಬಫಿ ಅನ್ನುವ ಇನ್ನೊಂದು ಸೀರಿಯಲ್ಲಿನಲ್ಲೂ ಕಾಣುತ್ತದೆ. ಎರಡೂ ಕತೆ ಒಂದೇ ಲೋಕದವು ಅಂತ ಕುಣಿಯಬೇಡಿ. ಅದು ಶೂಟಿಂಗಿಗೆಂದೇ ಇರುವ ಸುಳ್ಳು ಬ್ರ್ಯಾಂಡ್, ಯಾರು ಬೇಕಾದರೂ ಬಳಸುತ್ತಾರೆ. ಮಾಡರ್ನ್ ಫ್ಯಾಮಿಲಿ, ಸ್ಕ್ರಬ್ಸ್, ಮ್ಯಾರೀಡ್ ವಿತ್ ಚಿಲ್ಡ್ರನ್ ಎಲ್ಲದರಲ್ಲೂ ಒಂದೇ ಹೆಂಗಸಿನ ಫೋಟೋ ಇರುವ ಒಂದೇ ಪೇಪರ್ ಓದುತ್ತಾರೆ. ಅದು ಶೂಟಿಂಗ್ ಸಾಮಾನು ಒದಗಿಸುವ ಅರ್ಲ್ ಹೇಸ್ ಪ್ರೆಸ್ ಅಚ್ಚು ಹಾಕಿದ್ದು.

ಜಾನ್ ಮಂಚ್ ವಿಷಯ ಹಾಗಲ್ಲ. 1993ರ ಪೊಲೀಸ್ ಸೀರಿಯಲ್ ಹೋಮಿಸೈಡ್‌ನ ಈ ಪತ್ತೇದಾರ 1997ರಲ್ಲಿ ಎಕ್ಸ್-ಫೈಲ್ಸಿಗೆ ಬಂದ, 1999ರಿಂದ ಲಾ ಆಂಡ್ ಆರ್ಡರ್ ಎಸ್‌ವಿಯುನಲ್ಲಿ ಕೆಲಸಕ್ಕೇ ಸೇರಿಕೊಂಡ. ಎಲ್ಲ ಕಡೆ ನಟ ರಿಚರ್ಡ್ ಬೆಲ್ಜರ್ ಅವರೇ. ದಿ ವೈರ್‌ನ ಕೊನೆಯ ಸೀಸನ್ನಿನಲ್ಲಿ, ಅಂದರೆ 2008ರಲ್ಲಿ, ಬಾರಿನಲ್ಲಿ ಬಿಲ್ಲಿಗೆ ವಾದ ಮಾಡುತ್ತಾ ನಾನೂ ಒಂದು ಕಾಲದಲ್ಲಿ ಬಾರ್ ನಡೆಸಿದವನೇ ಅನ್ನುತ್ತಾನೆ. ಹೋಮಿಸೈಡ್ ನೋಡಿದವರಿಗೆ ಮಾತ್ರ ಅದು ಪಟ್ ಅಂತ ಹೊಳೆಯುತ್ತದೆ. ಅಂಥ ಕಡೆ ಚಿತ್ರಕ್ಕಿಂತ ಸಬ್‌ಟೈಟಲ್ ಮುಖ್ಯ, ಈ ಟೀವಿಯಲ್ಲಿ ಅದರ ಸೈಜು ದೊಡ್ಡದು ಮಾಡಬಹುದು, ಒಳ್ಳೆಯದಾಯಿತು.

ನಮ್ಮ ಕನ್ನಡದಲ್ಲೂ ಟಿ.ಎನ್. ಸೀತಾರಾಮ್ ಅವರ ಲಾಯರ್ ಸಿ.ಎಸ್.ಪಿ. ಇದ್ದಾರಲ್ಲ, ಮುಕ್ತ ಮುಕ್ತದಲ್ಲೂ ಅವರೇ, ಮಗಳು ಜಾನಕಿಯಲ್ಲೂ ಅವರೇ. ಈಗಿನ ಮಹಾಸಂಗಮಗಳಲ್ಲಿ ಹುಡುಕಲು ಏನೂ ಉಳಿದಿಲ್ಲ, ಎರಡು ಮನೆಯವರು ದೇವಸ್ಥಾನದಲ್ಲಿ ಸಿಗುತ್ತಾರೆ ಅಂತ ವಾರದ ಮುಂಚೆಯೇ ಪ್ರೋಮೋ ಕೂಗುತ್ತದೆ. ಅದಕ್ಕಿಂತ ನಮ್ಮೂರಿನ ಆಟವೇ ಮಜಾ. ಬಳ್ಳಾರಿ ಮನೆಗಳಲ್ಲಿ ಕನ್ನಡ, ತೆಲುಗು ಎರಡೂ ಓಡುತ್ತವೆ. ನನ್ನ ತಂಗಿ ತೆಲುಗಿನ ಕಾರ್ತಿಕ ದೀಪಂ ನೋಡಿ ಕನ್ನಡದ ಮುದ್ದುಲಕ್ಷ್ಮಿಯಲ್ಲಿ ಮುಂದೇನು ಅಂತ ಹೇಳಿಬಿಡುತ್ತಿದ್ದಳು, ಎರಡಕ್ಕೂ ಮೂಲ ಮಲಯಾಳದ ಒಂದೇ ಸೀರಿಯಲ್.

ತಪ್ಪು ಹೇಳಬೇಕೆಂದರೆ, ಪರದೆ ಕನ್ನಡಿಯಂತೆ ಹೊಳೆಯುತ್ತದೆ. ನಮ್ಮ ಬೇಸಿಗೆ ಮಧ್ಯಾಹ್ನ ಕಿಟಕಿ ತೆಗೆದಿದ್ದರೆ ಕತ್ತಲ ದೃಶ್ಯದಲ್ಲಿ ಕಾಣುವುದು ನಮ್ಮ ಮುಖವೇ. ಕರೆಂಟ್ ಹೋಗಿ ಬಂದರೆ ಮತ್ತೆ ಎದ್ದೇಳಲು ತುಂಬಾ ಸತಾಯಿಸುತ್ತದೆ. ರಿಮೋಟಿನಲ್ಲಿ ಪಾಸ್‌ಗೆ ಬೇರೆ ಬಟನ್ನೇ ಇಲ್ಲ, ನಡುವಿನದನ್ನೇ ಒತ್ತಬೇಕು, ನನ್ನಂಥವರು ಅದನ್ನು ಬೇಗ ಸವೆಸುತ್ತೇವೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಬರೀ ನ್ಯೂಸು, ಕ್ರಿಕೆಟ್ ನೋಡುವ ಮನೆಯಾದರೆ ಇನ್ನೂ ಕಡಿಮೆ ಬೆಲೆಯದು ಸಾಕು.