ಮೋಸದ ಕ್ರಯಪತ್ರ ತಾನಾಗೇ ಬಿದ್ದುಹೋಗಲ್ಲ, ದಯವಿಟ್ಟು ಕಾಯಬೇಡಿ

ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. 2013ರಲ್ಲಿ ಒಬ್ಬರು ಬಂದು, "ನಿಮ್ಮ ಸರ್ವೆ ನಂಬರ್ ಡೀಮ್ಡ್ ಫಾರೆಸ್ಟ್ ಪಟ್ಟಿಗೆ ಸೇರಿದೆ, ಅಂದ್ರೆ ಕಾಡಿನ ಲೆಕ್ಕಕ್ಕೆ ಹೋಗಿದೆ, ಇನ್ನು ಯಾರೂ ಕೊಳ್ಳಲ್ಲ. ನಾನಾದರೆ ಓಡಾಡಿ ಬಿಡಿಸ್ಕೊಳ್ತೀನಿ" ಎಂದು ಅಪ್ಪನನ್ನು ಹೆದರಿಸಿದರು. ಕೈಯಲ್ಲೊಂದು ಪಟ್ಟಿಯ ಜೆರಾಕ್ಸ್ ಬೇರೆ. ಅಪ್ಪ ಒಂದೆಕರೆಯನ್ನು ಅರ್ಧ ಬೆಲೆಗೆ ಬರೆದುಕೊಟ್ಟರು. ಆರು ತಿಂಗಳ ಮೇಲೆ ವಿಚಾರಿಸಿದರೆ ಆ ಪಟ್ಟಿಯೇ ಸುಳ್ಳು.

ಆಗಲೇ ವಕೀಲರ ಹತ್ತಿರ ಹೋಗಬೇಕಿತ್ತು. ಆದರೆ ದೊಡ್ಡಪ್ಪ, "ಮೋಸದಿಂದ ಬರೆಸ್ಕೊಂಡ ಪತ್ರ ಕಣೋ, ಎಲ್ಲೂ ನಿಲ್ಲಲ್ಲ. ಸುಮ್ನೆ ಯಾಕೆ ಕೋರ್ಟು ಕಚೇರಿ?" ಎಂದರು. ನಾವೂ ನಂಬಿದೆವು. ಬಾಕಿಯಿದ್ದ ಕೊನೇ ಚೆಕ್ಕನ್ನೂ ಬ್ಯಾಂಕಿಗೆ ಹಾಕಿಬಿಟ್ಟೆವು.

2018ರಲ್ಲಿ ಆ ಜಾಗ ಇನ್ನೊಬ್ಬರ ಕೈಗೆ ಹೋಗುತ್ತಿದೆ ಅಂತ ಗೊತ್ತಾಗಿ ಚಿಕ್ಕಮಗಳೂರಿಗೆ ಓಡಿದೆ. ವಕೀಲರು ಕೇಳಿದ ಮೊದಲ ಪ್ರಶ್ನೆ, "ಮೋಸ ಗೊತ್ತಾಗಿದ್ದು ಯಾವಾಗ?"

1872ರ ಕರಾರು ಕಾಯ್ದೆಯಲ್ಲಿ ವಾಯ್ಡ್ ಬೇರೆ, ವಾಯ್ಡಬಲ್ ಬೇರೆ. ವಾಯ್ಡ್ ಅಂದರೆ ಕಾನೂನಿನ ಕಣ್ಣಲ್ಲಿ ಆ ಕರಾರು ಇಲ್ಲವೇ ಇಲ್ಲ. 18 ತುಂಬದ ಹುಡುಗ ಮಾಡಿಕೊಂಡ ಕರಾರು ಹಾಗೆ. 1903ರಲ್ಲೇ ಪ್ರಿವಿ ಕೌನ್ಸಿಲ್, ಅಂದರೆ ಬ್ರಿಟಿಷರ ಕಾಲದ ಅತಿ ದೊಡ್ಡ ಕೋರ್ಟು, ಹೇಳಿದೆ. ನಮ್ಮದು ಅದಲ್ಲ. ಮೋಸ, ಬೆದರಿಕೆ, ಸುಳ್ಳು ಮಾಹಿತಿಯಿಂದ ಒಪ್ಪಿಗೆ ಪಡೆದದ್ದು 19ನೇ ಸೆಕ್ಷನ್‌ಗೆ ಬರುತ್ತದೆ. ಅದು ವಾಯ್ಡಬಲ್. ಮೋಸಹೋದವರು ಬೇಡ ಎಂದು ರದ್ದು ಮಾಡಿಸುವ ತನಕ ಪತ್ರ ಜೀವಂತವಾಗಿಯೇ ಇರುತ್ತದೆ! ರದ್ದು ಮಾಡಿಸಲು ದಾವೆ ಹಾಕುವುದಕ್ಕೆ ಮೋಸ ಗೊತ್ತಾದ ದಿನದಿಂದ ಮೂರೇ ವರ್ಷ. ನಾವು ನಾಲ್ಕು ದಾಟಿದ್ದೆವು. ಗೊತ್ತಾದ ಮೇಲೂ ಚೆಕ್ ಹಾಕಿಕೊಂಡಿದ್ದು ವ್ಯವಹಾರ ಒಪ್ಪಿಕೊಂಡಂತೆಯೇ ಆಯಿತು.

ಕ್ರಯಪತ್ರವನ್ನು ಸಾಲದ ಪತ್ರ ಅಂತ ನಂಬಿಸಿ ಸಹಿ ಹಾಕಿಸಿಕೊಂಡಿದ್ದರೆ ಮಾತೇ ಬೇರೆ. ಪತ್ರ ಎಂಥದ್ದು ಅನ್ನುವುದರಲ್ಲೇ ಮೋಸವಾದರೆ ವಾಯ್ಡ್, ಒಳಗಿನ ವಿಷಯದಲ್ಲಿ ಮೋಸವಾದರೆ ವಾಯ್ಡಬಲ್ ಎಂದು ಸುಪ್ರೀಂ ಕೋರ್ಟ್ 1968ರಲ್ಲಿ, ನಿಂಗವ್ವ ಎಂಬವರ ಕೇಸಿನಲ್ಲಿ ಹೇಳಿದೆ. ಅಪ್ಪನಿಗೆ ತಾನು ಮಾರುತ್ತಿದ್ದೇನೆ ಅನ್ನುವುದು ಗೊತ್ತಿತ್ತಲ್ವಾ.

ಇನ್ನೊಂದು ಮಾತು. ನೀವು ರದ್ದು ಮಾಡಿಸುವ ಮೊದಲೇ, ಮೋಸದ ಸುಳಿವೇ ಇಲ್ಲದ ಮೂರನೆಯವರು ದುಡ್ಡು ಕೊಟ್ಟು ಕೊಂಡುಬಿಟ್ಟರೆ ಜಾಗ ವಾಪಸ್ ಬರುವುದು ತುಂಬಾ ಕಷ್ಟ.

ಮನೆಯಲ್ಲಿ ಅಂಥ ಪತ್ರ ಇದ್ದರೆ ಇವತ್ತೇ ತಾರೀಕು ನೋಡಿ. ಬಾಕಿ ಹಣ ಮುಟ್ಟಬೇಡಿ. ವಕೀಲರ ಫೀಸಿಗೆ ಹೆದರಿ ಕೂರಬೇಡಿ. ಹೆಂಗಸರಿಗೆ, ಪರಿಶಿಷ್ಟರಿಗೆ, ಆದಾಯ ಕಡಿಮೆ ಇರುವವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರು ಉಚಿತವಾಗಿ ಸಿಗುತ್ತಾರೆ.