ಬಾಗಿಲಿಗೆ ಸಿಕ್ಕಿಸುವ ಕೊಕ್ಕೆಪಟ್ಟಿ: ವರ್ಷಗಟ್ಟಲೆ ಬಳಸಿದ ಮೇಲೆ

ಕದದ ಮೇಲಂಚಿಗೆ ಸಿಕ್ಕಿಸಿದರೆ ಸಾಕು, ಆರು ಕೊಕ್ಕೆಗಳು ಸಾಲಾಗಿ ಬಂದು ನಿಲ್ಲುವ ಸ್ಟೀಲ್ ಪಟ್ಟಿಯನ್ನು ಮಲಗುವ ಕೋಣೆಯ ಬಾಗಿಲಿಗೂ ಸ್ನಾನದ ಮನೆಯ ಬಾಗಿಲಿಗೂ ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಉಳಿದ ಬಾಗಿಲುಗಳಲ್ಲಿ ಅಂಟಿಸುವ ಕೊಕ್ಕೆಯೂ ಇದೆ, ಸ್ಕ್ರೂ ಹಾಕಿ ಕೂರಿಸಿದ್ದೂ ಇದೆ. ಮೂರರಲ್ಲಿ ನನ್ನ ಮೊದಲ ಆಯ್ಕೆ ಈ ಪಟ್ಟಿಯೇ. ಆದರೆ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಇಷ್ಟು ಕಿಲೋ ಹೊರುತ್ತದೆ’ ಎಂದು ಬರೆದಿರುವುದನ್ನು ನಂಬಿ ಕೊಳ್ಳಬೇಡಿ. ಗೋಡೆ ಇದ್ದಲ್ಲೇ ಇರುತ್ತದೆ, ಬಾಗಿಲು ದಿನಕ್ಕೆ ಹತ್ತಾರು ಸಲ ಬೀಸುತ್ತದೆ. ತೂಗುಹಾಕಿದ ವಸ್ತು ಕಳಚಿ ಬೀಳುವುದಕ್ಕೂ ಕದ ಹಾಳಾಗುವುದಕ್ಕೂ ತೂಕಕ್ಕಿಂತ ಹೆಚ್ಚಾಗಿ ಈ ಬೀಸಾಟವೇ ಕಾರಣ.

ಕೊಳ್ಳುವ ಮೊದಲು ಅಳೆಯಬೇಕಾದದ್ದು ಎರಡು. ಒಂದು ಕದದ ದಪ್ಪ. ಒಳಕೋಣೆಯ ಬಾಗಿಲುಗಳು ಸಾಮಾನ್ಯವಾಗಿ 30ರಿಂದ 40 ಮಿಲಿಮೀಟರ್ ಇರುತ್ತವೆ. 40ಕ್ಕೆಂದು ಮಾಡಿದ ಪಟ್ಟಿಯನ್ನು 30ರ ಕದಕ್ಕೆ ಹಾಕಿದರೆ ಬಾಗಿಲು ತೆರೆದಾಗಲೆಲ್ಲ ಗಡಗಡ ಎನ್ನುತ್ತದೆ. ಇನ್ನೊಂದು, ಮುಚ್ಚಿದ ಕದಕ್ಕೂ ಮೇಲಿನ ಚೌಕಟ್ಟಿಗೂ ನಡುವಿನ ಸಂದು. ಇದಕ್ಕೆ ಅಳತೆಪಟ್ಟಿ ಬೇಕಿಲ್ಲ. ಬ್ಯಾಂಕ್ ಕಾರ್ಡಿನ ದಪ್ಪ 0.76 ಮಿಲಿಮೀಟರ್. ಎರಡು ಕಾರ್ಡುಗಳನ್ನು ಜೋಡಿಸಿ ಆ ಸಂದಿಯಲ್ಲಿ ಜಾರಿಸಿ ನೋಡಿ. ಎಲ್ಲಿಯೂ ತಡೆಯದೆ ಹೋದರೆ ಒಂದು ಮಿಲಿಮೀಟರ್ ದಪ್ಪದ ಪಟ್ಟಿ ಆರಾಮವಾಗಿ ಕೂರುತ್ತದೆ. ಕೊಕ್ಕೆಗಳು ಬಾಗಿಲು ತೆರೆದುಕೊಳ್ಳುವ ಕಡೆಗಿದ್ದರೆ ಪಟ್ಟಿಯ ಹಿಂದಿನ ಗಿಡ್ಡ ತುದಿ ಚೌಕಟ್ಟಿನ ಒಳಮೆಟ್ಟಿಲಿಗೆ, ಅಂದರೆ ಮುಚ್ಚಿದ ಕದ ಬಂದು ಆನಿ ನಿಲ್ಲುವ ಅಂಚಿಗೆ, ತಾಗುತ್ತದೆ, ಅಲ್ಲಿಯೂ ಅಷ್ಟೇ ಜಾಗ ಬೇಕು. ಇದನ್ನು ನೋಡದೆ ಹಾಕಿದರೆ ಚಿಲಕ ಕೂರುವುದಿಲ್ಲ, ಕದವನ್ನು ಒತ್ತಿ ಒತ್ತಿ ಮುಚ್ಚಬೇಕಾಗುತ್ತದೆ.

ನಾನು ಮೊದಲು ತರಿಸಿದ ಪಟ್ಟಿ ಯಾವ ಕಂಪನಿಯದೆಂದು ಹೇಳುವುದು ಬೇಡ, ಅದರ ದೋಷವನ್ನಷ್ಟೇ ಹೇಳುತ್ತೇನೆ. ಬಾಗು ಚೌಕವಾಗಿರಲಿಲ್ಲ, ದುಂಡಾಗಿತ್ತು. ಹಾಗಾಗಿ ಕದದ ಮೇಲೆ ಅಪ್ಪಿ ಕೂರದೆ ಎದ್ದು ನಿಂತು, ಚೌಕಟ್ಟಿನ ಬಣ್ಣವನ್ನು ಗೀರಿತು. ಅಂಚುಗಳನ್ನು ಅರ ಹಾಕಿ ನಯಗೊಳಿಸಿರಲಿಲ್ಲ. ಸ್ನಾನದ ಮನೆಯ ತೇವಕ್ಕೆ ಲೇಪ ಎದ್ದು, ಒದ್ದೆ ಟವೆಲ್ ಮೇಲೆ ತುಕ್ಕಿನ ಕಲೆ ಬಿತ್ತು. ಈಗಿರುವುದು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು. ಅದೇ ಹಬೆ, ಅದೇ ತೇವದಲ್ಲಿ ಹೊಳಪು ಸ್ವಲ್ಪ ಮಂಕಾಗಿದೆಯೇ ಹೊರತು ತುಕ್ಕು ಹಿಡಿದಿಲ್ಲ. ತೇವವಿರುವ ಕಡೆ ಬಣ್ಣ ಬಳಿದ ಕಬ್ಬಿಣದ ಪಟ್ಟಿಯನ್ನು ದಯವಿಟ್ಟು ತರಬೇಡಿ.

ಸದ್ದು ನಿಲ್ಲಿಸಲು ಪಟ್ಟಿಯ ಒಳಮೈಗೆ ತೆಳುವಾದ ಫೆಲ್ಟ್ ತುಂಡು ಅಂಟಿಸಿದ್ದೇನೆ. ಅದಕ್ಕಿಂತ ಮುಖ್ಯವಾದದ್ದು ಕೆಳತುದಿ. ಮೇಲೆ ಸಿಕ್ಕಿಸಿದ ಪಟ್ಟಿ ಕೆಳಗೆ ತೂಗಾಡುತ್ತಲೇ ಇರುತ್ತದೆ, ಬಾಗಿಲು ಬೀಸಿದಾಗ ಹೊರಕ್ಕೆ ಹಾರಿ ಮತ್ತೆ ಬಂದು ಕದಕ್ಕೆ ಬಡಿಯುತ್ತದೆ. ಕೆಳಗಿನ ಎರಡು ಮೂಲೆಗಳಿಗೆ ಎರಡೂ ಕಡೆ ಅಂಟಿರುವ ಫೋಮ್ ಟೇಪಿನ ಚೂರು ಹಾಕಿದರೆ ಅಲುಗಾಟ ಪೂರ್ತಿ ನಿಲ್ಲುತ್ತದೆ. ನನ್ನ ಕದದ ಬಣ್ಣ ಇಂದಿಗೂ ನೆಟ್ಟಗಿರುವುದು ಆ ಚೂರುಗಳಿಂದ.

ತೂಕದ ವಸ್ತುಗಳನ್ನು ಯಾವಾಗಲೂ ಕೀಲಿನ ಕಡೆಯ ಕೊಕ್ಕೆಗೆ ಹಾಕಿ. ಅವನ್ನೇ ಹಿಡಿಕೆಯ ಕಡೆ ತೂಗುಹಾಕಿದರೆ ಅವುಗಳಿಂದ ಮೇಲಿನ ಕೀಲಿನ ಮೇಲೆ ಬೀಳುವ ಎಳೆತ ಹಲವು ಪಟ್ಟು ಹೆಚ್ಚುತ್ತದೆ. ಮೇಲಿನ ಕೀಲಿನ ಸ್ಕ್ರೂಗಳು ಸಡಿಲವಾದವೆಂದರೆ ಕದ ಜಗ್ಗಿ, ಹಿಡಿಕೆಯ ಕಡೆಯ ಕೆಳಮೂಲೆ ನೆಲಕ್ಕೆ ಉಜ್ಜತೊಡಗುತ್ತದೆ. ಅಷ್ಟಕ್ಕೇ ಹೊಸ ಕದ ಬೇಕಿಲ್ಲ. ಸ್ಕ್ರೂ ಬಿಚ್ಚಿ, ತೂತಿಗೆ ಫೆವಿಕಾಲ್ ಸವರಿದ ಮರದ ಕಡ್ಡಿಗಳನ್ನು ಬಿಗಿಯಾಗಿ ತುಂಬಿ, ಪೂರ್ತಿ ಒಣಗಿದ ಮೇಲೆ ತುಸು ಉದ್ದದ ಸ್ಕ್ರೂ ಹಾಕಿದರೆ ಗಟ್ಟಿಯಾಗುತ್ತದೆ. ಎರಡೇ ಕೀಲುಗಳಿರುವ ಕದಕ್ಕೆ ಚಳಿಗಾಲದ ಕೋಟುಗಳನ್ನೆಲ್ಲ ಹೇರುವುದು ನನಗೆ ಒಪ್ಪಿಗೆಯಿಲ್ಲ.

ಅಂಟಿಸುವ ಕೊಕ್ಕೆಗಳನ್ನು ಜನ ಸುಮ್ಮನೆ ಬೈಯುತ್ತಾರೆ. ಲ್ಯಾಮಿನೇಟ್ ಅಥವಾ ಗಾಜಿನ ಬಾಗಿಲಿಗೆ, ಟೋಪಿ, ಬೀಗದ ಕೈ, ತೆಳುವಾದ ಬಟ್ಟೆಯಂಥ ಹಗುರ ವಸ್ತುಗಳಿಗೆ ಅವು ಚೆನ್ನಾಗಿಯೇ ನಡೆಯುತ್ತವೆ. ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಮೂವತ್ತು ಸೆಕೆಂಡು ಒತ್ತಿ ಹಿಡಿದು, ಒಂದು ಗಂಟೆಯಾದರೂ ಬಿಟ್ಟು ಆಮೇಲೆ ತೂಗುಹಾಕಬೇಕು. ಹೊಸ ಬಣ್ಣವಾದರೆ ಒಂದು ವಾರ ಕಾಯಿರಿ. ಅಂಟು ಕೆಳಮುಖದ ಎಳೆತವನ್ನು ತಾಳುತ್ತದೆ, ಕದದಿಂದ ಹೊರಕ್ಕೆ ಎಳೆಯುವುದನ್ನು ತಾಳುವುದಿಲ್ಲ. ಉಬ್ಬಿದ ಚೀಲ ಹಾಕಿದರೆ ಮೇಲಂಚಿನಿಂದಲೇ ಬಿಚ್ಚಿಕೊಳ್ಳುತ್ತದೆ. ಎಳೆದು ತೆಗೆಯುವ ಬಾಲವಿರುವ ಅಂಟುಪಟ್ಟಿಯಾದರೆ ಅದನ್ನು ಕದಕ್ಕೆ ತಾಗಿಸಿಕೊಂಡೇ ನಿಧಾನವಾಗಿ ಕೆಳಕ್ಕೆ ಎಳೆಯಿರಿ. ನಿಮ್ಮ ಕಡೆಗೆ ಎಳೆದರೆ ಬಣ್ಣವೂ ಜೊತೆಗೇ ಬರುತ್ತದೆ.

ಸ್ಕ್ರೂ ಹಾಕುವವರು ಮೊದಲು ಕದವನ್ನು ಬೆರಳಿನಿಂದ ತಟ್ಟಿ ಕೇಳಿ. ಟೊಳ್ಳು ಸದ್ದು ಬಂದರೆ ಒಳಗೆ ಜೇನುಗೂಡಿನಂತೆ ಮಡಚಿದ ರಟ್ಟು, ಮೇಲೆ ಮೂರು ಮಿಲಿಮೀಟರಿನಷ್ಟು ತೆಳ್ಳನೆಯ ಹಲಗೆ, ಅಷ್ಟೇ. ಗಟ್ಟಿ ಮರ ಇರುವುದು ಸುತ್ತಲಿನ ಅಂಚಿನಲ್ಲಿ ಮತ್ತು ಬೀಗದ ಸುತ್ತ. ಅಂಥ ಕದದ ನಡುವೆ ಹಾಕಿದ ಸ್ಕ್ರೂ ನಾಲ್ಕು ದಿನಕ್ಕೆ ಕಿತ್ತು ಬರುತ್ತದೆ. ಬೆಂಕಿ ತಡೆಯುವ ಬಾಗಿಲುಗಳಿಗಂತೂ ತೂತು ಕೊರೆಯಲೇಬಾರದು, ಅದು ಜೀವದ ಪ್ರಶ್ನೆ.

ಉದ್ದ ಕನ್ನಡಿಯನ್ನೂ ಬಾಗಿಲಿಗೆ ಸಿಕ್ಕಿಸಬಹುದೇ ಎಂದು ಕೇಳುವವರಿದ್ದಾರೆ. ನಾಲ್ಕು ಮಿಲಿಮೀಟರ್ ಗಾಜು ಚದರ ಮೀಟರಿಗೆ 10 ಕಿಲೋ ತೂಗುತ್ತದೆ. 30 ಸೆಂಟಿಮೀಟರ್ ಅಗಲ, 120 ಉದ್ದದ ಕನ್ನಡಿ ಎಂದರೆ ಚೌಕಟ್ಟು ಬಿಟ್ಟು ಮೂರೂವರೆ ಕಿಲೋಗೂ ಸ್ವಲ್ಪ ಹೆಚ್ಚು. ಕೀಲು ಗಟ್ಟಿಯಿದ್ದರೆ ಕದ ಅದನ್ನು ಹೊರುತ್ತದೆ. ಆದರೆ ಮಕ್ಕಳಿರುವ ಮನೆಯಲ್ಲಿ, ಕೆಳತುದಿಯನ್ನು ಕದಕ್ಕೆ ಬಿಗಿಯದೆ ಗಾಜನ್ನು ಹಾಗೇ ತೂಗಬಿಡುವುದನ್ನು ನಾನಂತೂ ಮಾಡುವುದಿಲ್ಲ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದು ಅಂಕವನ್ನು ತಯಾರಕರು ಪೆಟ್ಟಿಗೆಯ ಮೇಲೆ ಪಟ್ಟಿಯ ಒಳಅಗಲವನ್ನೂ ತಗಡಿನ ದಪ್ಪವನ್ನೂ ಮಿಲಿಮೀಟರಿನಲ್ಲಿ ಮುದ್ರಿಸಿದ ದಿನ ಕೊಡುತ್ತೇನೆ.