ಬೆಂಡು, ಸ್ಪೂನ್, ಫ್ಲೈ: ಸ್ಟೀಲ್‌ಹೆಡ್‌ಗೆ ಯಾವುದು ಸರಿ?

ಸಿಯಾಟಲ್ ಸುತ್ತಮುತ್ತ ಇರುವ ಕನ್ನಡದ ಗೆಳೆಯರಿಗೆ ನಾನು ಗಾಳ ಹಾಕುತ್ತೇನೆ ಅಂತ ಗೊತ್ತಾದ ಕೂಡಲೇ ಕೇಳುವುದು ಒಂದೇ ಪ್ರಶ್ನೆ: "ಯಾವ ಸೆಟ್ ತಗೊಳ್ಳಲಿ?" ಅಂಗಡಿಗೆ ಹೋದರೆ ಗೋಡೆ ತುಂಬ ರಾಡ್‌ಗಳು. ಒಬ್ಬ ಮಾರಾಟಗಾರ ಒಂದು ಹೇಳಿದರೆ ಇನ್ನೊಬ್ಬ ಅದಕ್ಕೆ ತದ್ವಿರುದ್ಧ. ಬೆಂಡು ಕಟ್ಟಿದ ಜಿಗ್ (ತೂಕದ ತಲೆಯಿರುವ ಕೊಕ್ಕೆ), ಚಮಚದಂಥ ಲೋಹದ ಸ್ಪೂನ್, ಫ್ಲೈ (ಪುಕ್ಕ ಸುತ್ತಿ ಹುಳುವಿನ ಹಾಗೆ ಕಟ್ಟಿದ ಕೊಕ್ಕೆ) ಎಸೆಯಲು ಎರಡು ಕೈಯಲ್ಲಿ ಬೀಸುವ ಫ್ಲೈ ರಾಡ್, ಈ ಮೂರನ್ನೂ ಸ್ಟೀಲ್‌ಹೆಡ್ ಮೀನಿಗಾಗಿ ಸ್ಕೈಕೋಮಿಷ್ ನದಿಯಲ್ಲಿ ಕೆಲವು ಚಳಿಗಾಲ ಆಡಿಸಿ ನೋಡಿದ್ದೇನೆ. ಇವುಗಳದ್ದೇ ಸಣ್ಣ ಅಳತೆಯ ಸಲಕರಣೆ ಹಿಡಿದು ಯಾಕಿಮಾ ನದಿಯಲ್ಲಿ ಟ್ರೌಟ್ ಹಿಂದೆಯೂ ಅಲೆದಿದ್ದೇನೆ. ಅಲ್ಲಿ ಲೆಕ್ಕ ಪೂರ್ತಿ ಬೇರೆ.

ಮೊದಲು ಮೀನಿನ ಬಗ್ಗೆ ಎರಡು ಮಾತು. ಸ್ಟೀಲ್‌ಹೆಡ್ ಅನ್ನುವುದು ರೇನ್‌ಬೋ ಟ್ರೌಟ್ ಜಾತಿಯದೇ ಮೀನು. ನದಿಯಲ್ಲೇ ಉಳಿದರೆ ಟ್ರೌಟ್. ಸಮುದ್ರಕ್ಕೆ ಹೋಗಿ, ಅಲ್ಲಿ ತಿಂದು ಬೆಳೆದು, ಮೊಟ್ಟೆ ಇಡಲು ಹುಟ್ಟಿದ ನದಿಗೆ ವಾಪಸ್ ಬಂದರೆ ಸ್ಟೀಲ್‌ಹೆಡ್. ಇಲ್ಲಿನ ಸಾಲ್ಮನ್ ಮೊಟ್ಟೆ ಇಟ್ಟ ಮೇಲೆ ಸಾಯುತ್ತದೆ. ಇದು ಹಾಗಲ್ಲ, ಬದುಕಿ ಉಳಿದರೆ ಮತ್ತೆ ಸಮುದ್ರಕ್ಕೆ ಹೋಗಬಹುದು. ನದಿಗೆ ಬಂದ ಮೇಲೆ ಇದಕ್ಕೆ ಊಟದ ಮೇಲೆ ಆಸೆ ಕಡಿಮೆ. ಅದಕ್ಕೇ ಇದನ್ನು "ಸಾವಿರ ಎಸೆತದ ಮೀನು" ಅಂತಾರೆ. ಯಾವ ಗಾಳ ಹಿಡಿದರೂ ಖಾಲಿ ಕೈಯಲ್ಲಿ ಮನೆಗೆ ಬರುವ ದಿನಗಳೇ ಜಾಸ್ತಿ. ಮೂರನ್ನು ಹೋಲಿಸುವಾಗ ಇದನ್ನು ಮರೆಯಬಾರದು.

ಇನ್ನೊಂದು ವಿಷಯ. ಗಾಳದ ಆಯ್ಕೆಯ ಅರ್ಧ ಭಾಗ ನಿಯಮದ ಪುಸ್ತಕದಲ್ಲೇ ಮುಗಿದಿರುತ್ತದೆ. ವಾಷಿಂಗ್ಟನ್ ರಾಜ್ಯದಲ್ಲಿ ನದಿಗೊಂದು ನಿಯಮ. ಒಂದೇ ನದಿಯಲ್ಲಿ ಈ ಸೇತುವೆಯಿಂದ ಆ ಸೇತುವೆವರೆಗೆ ಒಂದು, ಅದರಾಚೆ ಇನ್ನೊಂದು. "ಸೆಲೆಕ್ಟಿವ್ ಗೇರ್" ಅಂತ ಬರೆದಿರುವ ಕಡೆ ಎರೆ ಹಾಕುವಂತಿಲ್ಲ. ಕೊಕ್ಕೆ ಒಂದೇ ಮೊನೆಯದಾಗಿರಬೇಕು, ಅದಕ್ಕೆ ಹಿಮ್ಮುಳ್ಳು ಇರಬಾರದು. ಮೀನು ಎತ್ತುವ ಕೈಬಲೆಗೆ ಗಂಟಿರಬಾರದು. ಕಾವೇರಿಯಲ್ಲಿ ಮಹಶೀರ್‌ಗೆ ರಾಗಿ ಉಂಡೆ ಕಟ್ಟುತ್ತಿದ್ದವರ ಕಥೆ ಕೇಳಿ ಬೆಳೆದ ಗೆಳೆಯನೊಬ್ಬ ಇಲ್ಲೂ ಅದನ್ನೇ ಕಟ್ಟಲು ಹೊರಟಿದ್ದ. ರಾಗಿಯೂ ಎರೆಯೇ ಮಾರಾಯ, ಅಂತ ತಡೆದೆ. ಸಿಯಾಟಲ್ ಪಕ್ಕದ ಪ್ಯೂಜೆಟ್ ಸೌಂಡ್ ಎಂಬ ಕೊಲ್ಲಿಗೆ ಸೇರುವ ನದಿಗಳ ಸ್ಟೀಲ್‌ಹೆಡ್ 2007ರಿಂದ ಫೆಡರಲ್ ಸಂರಕ್ಷಣೆಯ ಪಟ್ಟಿಯಲ್ಲಿದೆ. ಹಾಗಾಗಿ ಈ ಕಡೆಯ ಹೆಚ್ಚಿನ ನದಿಗಳು ಜನವರಿ, ಫೆಬ್ರವರಿ ಹೊತ್ತಿಗೆ ಬಾಗಿಲು ಹಾಕುತ್ತವೆ. ಮಧ್ಯದಲ್ಲಿ ತುರ್ತು ನಿಯಮಗಳೂ ಬರುತ್ತವೆ. ಹೊರಡುವ ಮುಂಚೆ ಮೀನು ಮತ್ತು ವನ್ಯಜೀವಿ ಇಲಾಖೆಯ ಪುಟ ಒಮ್ಮೆ ನೋಡಿಯೇ ಹೊರಡಬೇಕು. ಕಳೆದ ವಾರ ಸರಿ ಇದ್ದದ್ದು ಈ ವಾರ ಸರಿ ಇರಬೇಕು ಅಂತೇನಿಲ್ಲ.

ಈಗ ಬೆಂಡು. ನನ್ನ ಸೆಟ್ ಹೀಗಿದೆ: ಹತ್ತೂವರೆ ಅಡಿ ರಾಡ್, ನೀರಲ್ಲಿ ತೇಲುವ, 30 ಪೌಂಡ್ ಎಳೆತ ತಾಳುವ ಹೆಣೆದ ದಾರ, ಅದರ ತುದಿಗೆ 10 ಪೌಂಡ್ ತಾಳುವ ಫ್ಲೂರೋಕಾರ್ಬನ್ ದಾರ, ಕೊನೆಯಲ್ಲಿ ಕಾಲು ಔನ್ಸಿನ ಗುಲಾಬಿ ಜಿಗ್. ಜಿಗ್‌ಗೆ ಮರಬೂ ಎಂಬ ಮೆತ್ತನೆಯ ಪುಕ್ಕ ಕಟ್ಟಿರುತ್ತದೆ. ಒಣಗಿದ್ದಾಗ ಅದರಲ್ಲಿ ಏನೂ ಇಲ್ಲ ಅನಿಸುತ್ತದೆ. ನೀರಿಗೆ ಬಿಟ್ಟರೆ ನಾವು ಕೈ ಆಡಿಸದಿದ್ದರೂ ಅದು ಉಸಿರಾಡುತ್ತದೆ.

ಬೆಂಡಿನ ಕೆಲಸವೆಲ್ಲ ಆಳದ ಲೆಕ್ಕದಲ್ಲಿದೆ. ನೀರು ಐದಡಿ ಇದ್ದರೆ ಜಿಗ್ ನಾಲ್ಕಡಿಯಲ್ಲಿ ತೇಲಬೇಕು. ಸ್ಟೀಲ್‌ಹೆಡ್ ತಳದ ಹತ್ತಿರ ಮಲಗಿ ಮೇಲೆ ನೋಡುತ್ತದೆ. ಜಿಗ್ ಅದರ ಕೆಳಗೆ ಹೋದರೆ ಕಾಣುವುದಿಲ್ಲ, ಸ್ವಲ್ಪ ಮೇಲೆ ಬಂದರೆ ಎದ್ದು ಬಂದು ಹಿಡಿಯುತ್ತದೆ. ಬೆಂಡು ನೆಟ್ಟಗೆ ನಿಂತು ಹೋಗುತ್ತಿದ್ದರೆ ಎಲ್ಲ ಸರಿ ಇದೆ. ಅದು ಪದೇ ಪದೇ ಕುಟುಕಿ ಕುಟುಕಿ ನಿಂತರೆ ಜಿಗ್ ಕಲ್ಲು ಸವರುತ್ತಿದೆ, ಆಳ ಕಡಿಮೆ ಮಾಡಿ. ಬೆಂಡಿಗಿಂತ ಮುಂದೆ ದಾರದ ಹೊಟ್ಟೆ ಹರಿವಿನ ಕೆಳಗಡೆಗೆ ಬಾಗಿದರೆ ಅದು ಜಿಗ್ಗನ್ನು ಎಳೆದುಕೊಂಡು ಓಡುತ್ತದೆ. ಆಗ ರಾಡ್ ತುದಿ ಎತ್ತಿ ದಾರವನ್ನು ಹರಿವಿನ ಮೇಲ್ಗಡೆಗೆ ಮಗುಚಬೇಕು. ಅಷ್ಟು ಕಲಿತರೆ ಮುಕ್ಕಾಲು ಪಾಲು ಕಲಿತ ಹಾಗೆ.

ನನಗೆ ನೆನಪಿರುವ ಒಂದು ಮೀನು ಗೋಲ್ಡ್ ಬಾರ್ ಊರಿನ ಕೆಳಗೆ ಸಿಕ್ಕಿದ್ದು. ಡಿಸೆಂಬರ್, ನೀರು ನಾಲ್ಕು ಡಿಗ್ರಿ ಸೆಲ್ಸಿಯಸ್ ಇರಬಹುದು. ಬೆಂಡು ಒಂದು ದೊಡ್ಡ ಬಂಡೆಯ ಪಕ್ಕ ಹಾದು, ಆಳ ಕಡಿಮೆಯಾಗುವ ಜಾಗಕ್ಕೆ ಬಂತು. ಮುಳುಗಲಿಲ್ಲ, ಸುಮ್ನೆ ನಿಂತಿತು. ಸುತ್ತ ನೊರೆ ಮುಂದೆ ಹೋಯಿತು, ಇದು ಮಾತ್ರ ನಿಂತೇ ಇತ್ತು. ಎಳೆದೆ. ಕಲ್ಲು ಅಂದುಕೊಂಡಿದ್ದು ತಲೆ ಆಡಿಸಿತು. ಬಲೆಗೆ ಬಂದ ಮೇಲೆ ಮೊದಲ ಕೆಲಸ ಬೆನ್ನಿನ ಕೊನೆಯಲ್ಲಿ, ಬಾಲಕ್ಕೆ ಸ್ವಲ್ಪ ಮುಂಚೆ, ಇರುವ ಸಣ್ಣ ಮೆದು ರೆಕ್ಕೆ ಹುಡುಕುವುದು. ಹೆಬ್ಬೆರಳು ಸವರಿದರೆ ಅಲ್ಲಿ ಮಾಗಿದ ನುಣುಪಾದ ಗಾಯ ಮಾತ್ರ ಇತ್ತು. ಮೀನಿನ ಮರಿ ಸಾಕುವ ಹ್ಯಾಚರಿಯಲ್ಲಿ ಮರಿಯಿದ್ದಾಗಲೇ ಕತ್ತರಿಸಿದ ಗುರುತು. ಅಂಥದ್ದನ್ನು ಇಟ್ಟುಕೊಳ್ಳಬಹುದು, ಕ್ಯಾಚ್ ರೆಕಾರ್ಡ್ ಕಾರ್ಡಿನಲ್ಲಿ ಆಗಲೇ ಬರೆಯಬೇಕು. ಆ ರೆಕ್ಕೆ ಇದ್ದರೆ ಕಾಡು ಮೀನು, ಬಿಡಲೇಬೇಕು. ಫೋಟೋಗೆ ಅಂತ ನೀರಿನಿಂದ ಪೂರ್ತಿ ಎತ್ತುವ ಹಾಗೂ ಇಲ್ಲ. ಬಲೆಯೊಳಗೆ, ನೀರಲ್ಲೇ ಇಟ್ಟು ಕೊಕ್ಕೆ ಬಿಡಿಸಬೇಕು.

ಚಳಿ ಜೋರಾಗಿ ಮೀನು ಜಡವಾಗಿರುವಾಗ ಬೆಂಡನ್ನು ಮೀರಿಸುವುದು ನಾನು ಕಂಡಿಲ್ಲ. ಮೀನಿನ ಮೂಗಿನ ಮುಂದೆ, ಹರಿವಿನ ವೇಗದಲ್ಲೇ, ಅವಸರ ಇಲ್ಲದೆ ಹೋಗುತ್ತದೆ. ಖರ್ಚೂ ಕಡಿಮೆ, 150 ಡಾಲರ್ ಆಸುಪಾಸಿನಲ್ಲಿ ಹೊಸಬರ ಸೆಟ್ ಮುಗಿಯುತ್ತದೆ. ಆದರೆ ಒಂದು ಮಾತು ಹೇಳಲೇಬೇಕು: ನೋಡ್ತಾ ನಿಲ್ಲುವುದು ಬೇಜಾರಿನ ಕೆಲಸ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಕೆಂಪು ಬೆಂಡಿಗೆ ಅಂಟಿಕೊಂಡು, ಸುತ್ತ ಇರುವ ಬೆಟ್ಟ ಕಾಣುವುದೇ ಇಲ್ಲ.

ಸ್ಪೂನ್ ಇದಕ್ಕೆ ಉಲ್ಟಾ. ಕೈಗೆ ಕೆಲಸ, ಕಣ್ಣಿಗೆ ಬಿಡುವು. ನಾನು ಬಳಸುವುದು ಲಿಟಲ್ ಕ್ಲಿಯೋ, ಒಂದು ಔನ್ಸಿನ ಐದರಲ್ಲಿ ಎರಡು ಭಾಗ ತೂಕದ್ದು. ಅಂಗಡಿಯಿಂದ ಮೂರು ಮೊನೆಯ ಕೊಕ್ಕೆಯ ಜೊತೆ ಬರುತ್ತದೆ. ಅದನ್ನು ತೆಗೆದು ಒಂಟಿ ಕೊಕ್ಕೆ ಹಾಕಿ, ಇಕ್ಕಳದಲ್ಲಿ ಹಿಮ್ಮುಳ್ಳು ಅಮುಕಿಬಿಡುತ್ತೇನೆ. ಆಮೇಲೆ ಯಾವ ನದಿಗೆ ಹೋದರೂ ಕೊಕ್ಕೆಯ ಚಿಂತೆ ಇರುವುದಿಲ್ಲ. ನದಿಗೆ ಅಡ್ಡಲಾಗಿ, ಸ್ವಲ್ಪ ಕೆಳಗಡೆಗೆ ಎಸೆದು, ದಾರ ಬಿಗಿ ಇಟ್ಟು, ಹರಿವಿಗೆ ಬಿಡುವುದು. ಸ್ಪೂನ್ ತಾನಾಗಿ ಕಮಾನು ಬರೆಯುತ್ತಾ ದಡದ ಕಡೆ ಬರುತ್ತದೆ. ರಾಡ್ ತುದಿಯಲ್ಲಿ ಮೆಲ್ಲಗೆ ಟಕ್, ಟಕ್, ಟಕ್ ಅಂತ ಬಡಿತ ಗೊತ್ತಾಗಬೇಕು. ಬಡಿತ ಜೋರಾದರೆ ವೇಗ ಜಾಸ್ತಿ ಆಯಿತು ಅಂತ. ಹೊಸಬರು ರೀಲ್ ಸುತ್ತುತ್ತಲೇ ಇರುತ್ತಾರೆ. ಸ್ಟೀಲ್‌ಹೆಡ್‌ಗೆ ಅಷ್ಟು ಸುತ್ತಬೇಕಾಗಿಲ್ಲ.

ಸ್ಪೂನ್ ಗೆಲ್ಲುವುದು ಮಳೆಯ ಮಾರನೆಯ ದಿನಗಳಲ್ಲಿ. ಕ್ಯಾಸ್ಕೇಡ್ ಬೆಟ್ಟದ ಮಳೆಗೆ ನದಿ ಕೆಂಪಾಗಿ ಏರಿ, ಆಮೇಲೆ ಇಳಿಯುತ್ತಾ ಸೋರೆಕಾಯಿ ಸಿಪ್ಪೆಯ ಹಸಿರಿಗೆ ತಿರುಗುತ್ತದೆ. ಮೊಣಕಾಲಿನ ಆಳಕ್ಕೆ ಇಳಿದರೆ ಬೂಟಿನ ತುದಿ ಮಸುಕಾಗಿ ಕಾಣುವಷ್ಟು ತಿಳಿ. ಆ ಬಣ್ಣಕ್ಕೆ ಕಾಯುತ್ತಾ ಇಲ್ಲಿನವರು ಭೂವಿಜ್ಞಾನ ಇಲಾಖೆಯ ನೀರಿನ ಮಟ್ಟದ ಗ್ರಾಫನ್ನು ಆಫೀಸಿನ ಮೀಟಿಂಗ್ ಮಧ್ಯದಲ್ಲೂ ತೆರೆದಿಟ್ಟಿರುತ್ತಾರೆ, ನಾನೂ ಅವರಲ್ಲೊಬ್ಬ. ಆಗ ಮೀನು ಹೊಸದಾಗಿ ಮೇಲೆ ಹತ್ತುತ್ತಿರುತ್ತದೆ. ಸ್ಪೂನಿನ ಹೊಳಪು, ಬಡಿತ ಎರಡೂ ದೂರಕ್ಕೆ ಮುಟ್ಟುತ್ತವೆ. ಬೆಂಡು ಒಂದು ಸಾಲು ನೀರು ಮುಗಿಸುವಷ್ಟರಲ್ಲಿ ಸ್ಪೂನ್ ಇಡೀ ದಡ ಗುಡಿಸಿಬಿಡುತ್ತದೆ. ನೀರು ತೆಳ್ಳಗಾಗಿ, ಗಾಜಿನಷ್ಟು ತಿಳಿಯಾದರೆ ಮಾತ್ರ ಅದನ್ನು ಪೆಟ್ಟಿಗೆಗೆ ಹಾಕಿಬಿಡಿ. ಮೀನು ಹೆದರಿ ಜಾಗ ಬಿಡುತ್ತದೆ. ಕಲ್ಲಿಗೆ ಸಿಕ್ಕಿ ಕಳೆದುಹೋಗುವ ಸ್ಪೂನ್‌ಗಳ ಖರ್ಚು ಬೇರೆ. ಒಂದೊಂದಕ್ಕೂ ಕಾಫಿಯ ದುಡ್ಡು ನೀರು ಪಾಲು.

ಇನ್ನು ಎರಡು ಕೈಯ ಫ್ಲೈ ರಾಡ್. ಹದಿಮೂರು ಅಡಿ ಉದ್ದ, ತೂಕದ ಚಿಕ್ಕ ತಲೆಯ (ಅಂದರೆ ದಪ್ಪ ಮುಂಭಾಗದ) ದಾರ, ಅದರ ಮುಂದೆ ಮುಳುಗುವ ತುದಿ, ಕೊನೆಗೆ ಪುಕ್ಕ ಕಟ್ಟಿದ ದೊಡ್ಡ ಫ್ಲೈ. ಆ ಚಿಕ್ಕ ತಲೆಯ ದಾರಕ್ಕೆ "ಸ್ಕ್ಯಾಗಿಟ್" ಅಂತ ಹೆಸರು ಬಂದಿದ್ದು ಇಲ್ಲೇ ಉತ್ತರಕ್ಕೆ ಇರುವ ಸ್ಕ್ಯಾಗಿಟ್ ನದಿಯಿಂದ. ಹಿಂದೆ ಜಾಗ ಇಲ್ಲದ ಕಡೆ, ಬೆನ್ನಿಗೆ ಮರ ತಾಗುವ ಕಡೆ ಇದನ್ನು ಬೀಸಬಹುದು. ಬೀಸಿದ ಮೇಲೆ ಸ್ಪೂನಿನ ಹಾಗೇ ಕಮಾನು. ಮುಗಿದ ಮೇಲೆ ಕೆಳಗಡೆಗೆ ಎರಡು ಹೆಜ್ಜೆ, ಮತ್ತೆ ಬೀಸು.

ಮೀನಿನ ಲೆಕ್ಕದಲ್ಲಿ ಇದು ಮೂರರಲ್ಲೂ ಕೊನೆಯದು. ಅದರಲ್ಲಿ ಅನುಮಾನವೇ ಇಲ್ಲ. ನೀರು ತೀರಾ ತಣ್ಣಗಿದ್ದರೆ ಮೀನು ಫ್ಲೈ ಹಿಂದೆ ಬರುವುದಿಲ್ಲ. ಖರ್ಚು 500 ಡಾಲರ್ ದಾಟುತ್ತದೆ. ಬೀಸುವುದು ಕಲಿಯುವ ತನಕ ಕಿವಿ, ಟೋಪಿ ಎರಡಕ್ಕೂ ಅಪಾಯ. ಆದರೂ ಇದು ನನಗೆ ಬಹಳ ಇಷ್ಟ, ಯಾಕೆ ಅಂದರೆ ಆ ಎಳೆತ. ಬೆಂಡಿನಲ್ಲಿ ಮೊದಲು ಕಣ್ಣಿಗೆ ಗೊತ್ತಾಗುತ್ತದೆ, ಇಲ್ಲಿ ನೇರವಾಗಿ ಕೈಗೆ. ದಾರ ಸಡಿಲ ಹಿಡಿದ ಬೆರಳಿನಿಂದ ಮೀನು ಅದನ್ನು ಕಿತ್ತುಕೊಂಡು ಹೋಗುತ್ತದೆ. ಮೀನಿಗೂ ಇದು ಒಳ್ಳೆಯದು. ಎರೆ ಹಾಕಿದ ಕೊಕ್ಕೆಯನ್ನು ಮೀನು ನುಂಗುತ್ತದೆ, ಗಂಟಲಲ್ಲಿ ಸಿಕ್ಕಿದರೆ ಬಿಟ್ಟರೂ ಬದುಕುವುದು ಕಷ್ಟ. ಫ್ಲೈ ಸಾಮಾನ್ಯವಾಗಿ ದವಡೆಯ ಮೂಲೆಯಲ್ಲಿ ಸಿಕ್ಕುತ್ತದೆ.

ಕೆಲವು ನದಿಗಳಲ್ಲಿ ಈ ಚರ್ಚೆಗೆ ಜಾಗವೇ ಇಲ್ಲ. ಆರೆಗಾನ್‌ನ ನಾರ್ತ್ ಅಂಪ್ಕ್ವಾದಲ್ಲಿ ಸುಮಾರು 30 ಮೈಲಿ ಫ್ಲೈ ಮಾತ್ರ. ಬೇಸಿಗೆಯಲ್ಲಿ ಆ ಫ್ಲೈಗೆ ತೂಕ ಕಟ್ಟುವಂತೆಯೂ ಇಲ್ಲ. ವಾಷಿಂಗ್ಟನ್‌ನ ಫೋರ್ಕ್ಸ್ ಊರಿನ ಸುತ್ತ ಇರುವ ಹೋ, ಬೋಗಶೀಲ್‌ನಂಥ ಕರಾವಳಿ ನದಿಗಳಿಗೆ 2020ರ ಡಿಸೆಂಬರ್‌ನಲ್ಲಿ ದೋಣಿಯಿಂದ ಗಾಳ ಹಾಕುವುದಕ್ಕೆ, ಎರೆ ಕಟ್ಟುವುದಕ್ಕೆ ನಿಷೇಧ ಬಂತು. ದೋಣಿಯಲ್ಲಿ ಕೂತು ಬೆಂಡು ಬಿಡುತ್ತಾ ಮೈಲಿಗಟ್ಟಲೆ ಇಳಿಯುವುದೇ ಅಲ್ಲಿನ ಪದ್ಧತಿ ಆಗಿತ್ತು. ನಿಷೇಧ ಬಂದಾಗ ದಡದಿಂದ ಸ್ಪೂನ್, ಫ್ಲೈ ಬೀಸುವವರಿಗೆ ಅನುಕೂಲ ಆಯಿತು. ಬೇರೆಯವರು ಗೊಣಗಿದರು. ಕಾಡು ಮೀನು ಕಡಿಮೆಯಾದ ವರ್ಷ ಯಾರಾದರೂ ಗೊಣಗಲೇಬೇಕು, ಅಲ್ವಾ?

ಯಾಕಿಮಾಗೆ ಬರೋಣ. ಕ್ಯಾಸ್ಕೇಡ್ ಬೆಟ್ಟದ ಸ್ನೊಕ್ವಾಲ್ಮಿ ಪಾಸ್ ದಾಟಿ, ಎಲೆನ್ಸ್‌ಬರ್ಗ್ ಆಚೆಗೆ ಕಣಿವೆಯಲ್ಲಿ ಹರಿಯುವ ಭಾಗ. ಟ್ರೌಟ್ ಹಿಡಿದರೂ ಬಿಡಬೇಕು, ಸೆಲೆಕ್ಟಿವ್ ಗೇರ್, ಆದರೆ ವರ್ಷವಿಡೀ ತೆರೆದಿರುತ್ತದೆ. ಈ ನದಿಯ ನಡೆಯೇ ವಿಚಿತ್ರ. ಬೇಸಿಗೆಯಲ್ಲಿ ಬೇರೆ ನದಿಗಳು ಸೊರಗುತ್ತವೆ, ಇದು ದಡ ಮುಟ್ಟಿ ಓಡುತ್ತದೆ. ಕೆಳಗಿನ ಸೇಬು, ಹಾಪ್ಸ್ ತೋಟಗಳಿಗೆ ಮೇಲಿನ ಜಲಾಶಯಗಳಿಂದ ನೀರು ಬಿಡುವುದೇ ಕಾರಣ. ಸೆಪ್ಟೆಂಬರ್‌ನಲ್ಲಿ ಆ ಸರದಿ ನಾಚೀಸ್ ಎಂಬ ಉಪನದಿಗೆ ಹೋಗುತ್ತದೆ, ಮೇಲಿನ ಯಾಕಿಮಾ ತಟ್ಟನೆ ಇಳಿಯುತ್ತದೆ. ಮೊಟ್ಟೆ ಇಡುವ ಸಾಲ್ಮನ್ ದಡದ ಎತ್ತರದಲ್ಲಿ ಗೂಡು ಮಾಡಿ, ಆಮೇಲೆ ನೀರಿಳಿದು ಮೊಟ್ಟೆ ಒಣಗಬಾರದು ಅಂತ ಈ ಏರ್ಪಾಡು.

ಅಲ್ಲಿ ಸ್ಪಿನ್ನರ್ (ಎಳೆದಾಗ ಗಿರಗಿರ ತಿರುಗುವ ತಗಡಿನ ಗಾಳ), ಸ್ಪೂನ್ ಎರಡೂ ನನಗೆ ಕೈಕೊಟ್ಟವು. ಟ್ರೌಟ್ ಒಮ್ಮೆ ಬೆನ್ನಟ್ಟಿ, ಹತ್ತಿರ ಬಂದು, ವಾಪಸ್ ಹೋಗುತ್ತದೆ. ಎರಡನೇ ಸಲ ಬರುವುದೇ ಇಲ್ಲ. ಪುಟ್ಟ ಬೆಂಡಿನ ಕೆಳಗೆ ನಿಂಫ್ (ನೀರುಹುಳುವಿನ ಮರಿಯ ಹಾಗೆ ಕಟ್ಟಿದ, ಮುಳುಗುವ ಫ್ಲೈ) ಬಿಟ್ಟರೆ ಮೀನು ಖಂಡಿತ. ಆದರೆ ಜುಲೈ, ಆಗಸ್ಟ್‌ನಲ್ಲಿ ಅದನ್ನೂ ಬಿಟ್ಟು ನಾನು ತೇಲುವ ಮಿಡತೆ ಫ್ಲೈ ಕಟ್ಟುತ್ತೇನೆ. ನೀರು ದಡದ ಹುಲ್ಲಿಗೆ ತಾಗಿ ಓಡುತ್ತಿರುತ್ತದೆ, ಟ್ರೌಟ್ ಆ ಹುಲ್ಲಿನ ನೆರಳಲ್ಲೇ ಕಾಯುತ್ತದೆ. ಫ್ಲೈ ದಡದಿಂದ ಗೇಣು ದೂರ ಬಿದ್ದರೆ ಸಾಕು. ಎರಡು ಗೇಣು ಆದರೆ ತಿರುಗಿಯೂ ನೋಡುವುದಿಲ್ಲ. ಸ್ಟೀಲ್‌ಹೆಡ್ ವಿಷಯದಲ್ಲಿ ಕೊನೆಗೆ ನಿಂತ ಫ್ಲೈ ಇಲ್ಲಿ ಮೊದಲಿಗೆ ಬರುತ್ತದೆ. ಹಸಿದು ತಿನ್ನುವ ಮೀನಿಗೂ ತಿನ್ನುವ ಮನಸ್ಸಿಲ್ಲದ ಮೀನಿಗೂ ಇರುವ ವ್ಯತ್ಯಾಸ ಅಷ್ಟು ದೊಡ್ಡದು.

ಒಂದೇ ಸೆಟ್ಟಿನ ದುಡ್ಡು ಇದೆ ಅನ್ನುವವರು ಬೆಂಡಿನ ರಾಡ್ ತಗೊಳ್ಳಿ. ಅದೇ ರಾಡ್‌ನಲ್ಲಿ ಸ್ಪೂನನ್ನೂ ಎಸೆಯಬಹುದು. ಎರಡು ಕೈಯ ರಾಡ್ ಯಾರಾದರೂ ಗೆಳೆಯರಿಂದ ಒಂದು ದಿನ ಕೇಳಿ ಪಡೆದು ಬೀಸಿ ನೋಡಿ, ಆಮೇಲೆ ಯೋಚಿಸಿ. ಬೇಸಿಗೆಯಲ್ಲಿ ಯಾಕಿಮಾಗೆ ಹೋಗುವವರು ಜೇಬಲ್ಲಿ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ನೀರು 20 ಡಿಗ್ರಿ ಮುಟ್ಟಿದರೆ ಟ್ರೌಟ್‌ಗೆ ಉಸಿರು ಸಾಲುವುದಿಲ್ಲ, ಹಿಡಿದು ಬಿಟ್ಟರೂ ಸಾಯಬಹುದು. ಅಂಥ ದಿನ ಬೆಳಗ್ಗೆ ಐದಕ್ಕೆ ನೀರಿಗಿಳಿದು, ಬಿಸಿಲೇರುವ ಮುಂಚೆ ರಾಡ್ ಮಡಚಿ, ಎಲೆನ್ಸ್‌ಬರ್ಗ್‌ಗೆ ತಿಂಡಿಗೆ ಹೋಗಿಬಿಡಿ.